ಪಾಟನ್ ತೇರಿಗೆ ಹೊರಟವನಿಗೆ

ವೈಶಾಖದಲ್ಲಿ ಕಠ್ಮಂಡುವಿಗೆ ಹೊರಟಿದ್ದೀಯಂತೆ, ನಿನ್ನಮ್ಮ ಹೇಳಿದಳು. ಪಕ್ಕದ ಪಾಟನ್‌ಗೆ ಹೋಗಿ ರಾತೋ ಮಚ್ಛೀಂದ್ರನಾಥನ ತೇರು ನೋಡದೆ ಬರಬೇಡ ಮಾರಾಯ. ಆದರೆ ಅಲ್ಲಿ ಯಾರನ್ನೂ ‘ಇದು ಹಿಂದೂ ದೇವರೋ, ಬೌದ್ಧರದ್ದೋ?’ ಎಂದು ಕೇಳಲಿಕ್ಕೆ ಹೋಗಬೇಡ. ಅದೇ ಕೆಂಪು ಮೂರ್ತಿ ಒಬ್ಬರಿಗೆ ಮತ್ಸ್ಯೇಂದ್ರನಾಥ, ಇನ್ನೊಬ್ಬರಿಗೆ ಅವಲೋಕಿತೇಶ್ವರ. ನೇವಾರರ ಬಾಯಲ್ಲಿ ಬುಂಗದ್ಯಃ, ಬುಂಗಮತಿಯ ದೇವರು. ಪೂಜೆ ಬೌದ್ಧ ವಜ್ರಾಚಾರ್ಯರು, ಶಾಕ್ಯರದ್ದು. ಮಳೆ ಕೇಳುವವರು ಮಾತ್ರ ಎಲ್ಲರೂ.

ಕದ್ರಿಯಲ್ಲಿ ಬೆಳೆದ ನಿನಗೆ ಇದೇನೂ ಹೊಸತಲ್ಲ. ಮಂಜುನಾಥನ ಗುಡಿಯ ಕಂಚಿನ ಲೋಕೇಶ್ವರನಿಗೆ ಎಷ್ಟು ಸಲ ಕೈ ಮುಗಿದಿಲ್ಲ ನೀನು! ಆಳುಪರ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಪೀಠದ ಶಾಸನ ಆ ಜಾಗವನ್ನು ವಿಹಾರ ಎಂದೇ ಕರೆಯುತ್ತದೆ. ಮೇಲೆ ಗುಡ್ಡದಲ್ಲಿ ನಾಥರ ಜೋಗಿ ಮಠ. ಇದನ್ನು ಕಂಡವರು ಪಾಟನ್‌ನಲ್ಲಿ ಬಾಯಿ ಬಿಡಬಾರದು.

ಪಾಟನ್‌ನ ಪುಲ್ಚೋಕ್‌ನಲ್ಲಿ ತೇರು ಕಟ್ಟುವಾಗಲೇ ಒಮ್ಮೆ ಹೋಗು. ಮರದ ಕೆಲಸ ಬಾರಾಹಿಗಳದ್ದು, ಬೆತ್ತ ಬಿಗಿಯುವುದು ಯಂಗಲರು. ಸುಮಾರು 60 ಅಡಿ ಎತ್ತರ. ಎಳೆಯುವಾಗ ಕುಡಿದವನ ಹಾಗೆ ವಾಲುತ್ತದೆ, ಉರುಳಿಬಿದ್ದ ವರ್ಷಗಳೂ ಉಂಟು. ಎಲ್ಲರೂ ಶಿಖರ ನೋಡುತ್ತಾರೆ. ನೀನು ಕಣ್ಣು ಬರೆದ ಆ ದೊಡ್ಡ ಚಕ್ರಗಳನ್ನು ನೋಡು. ಮರದ ತುಂಡು ಹಿಡಿದವನೊಬ್ಬ ಚಕ್ರದ ಮುಂದೆಯೇ ಹಿಂದಡಿ ಇಡುತ್ತಾ ಹೋಗುತ್ತಾನೆ. ತೇರು ದಾರಿ ತಪ್ಪಿತೋ, ತುಂಡನ್ನು ಚಕ್ರದಡಿಗೆ ಕೊಟ್ಟು ಪಕ್ಕಕ್ಕೆ ಹಾರುತ್ತಾನೆ. ಅವನ ಆಸುಪಾಸು ಸುಳಿಯಬೇಡ, ಮೊಬೈಲ್ ಹಿಡಿದಂತೂ ಬೇಡವೇ ಬೇಡ. ಒಂದು ದಿನ ಹೆಂಗಸರೇ ಎಳೆಯುತ್ತಾರೆ. ಅಂದು ಹಗ್ಗಕ್ಕೆ ಕೈ ಹಾಕದೆ ಸುಮ್ಮನೆ ಬದಿಯಲ್ಲಿ ನಿಂತುಕೋ. ಮಳೆ ಕೇಳುವ ತೇರು, ಕೊಡೆ ಮರೆಯಬೇಡ.

ವಾಪಸು ಟಿಕೆಟನ್ನು ಮೊದಲೇ ಮಾಡಿಸಬೇಡ. ತೇರು ಜಾವಲಾಖೇಲ್ ಮುಟ್ಟಿ ಭೋಟೋ ಜಾತ್ರೆ ಆಗುವ ದಿನವನ್ನು ಜೋಯಿಸರು ನೋಡಿ ಹೇಳುವುದು. ಭೋಟೋ ಅಂದರೆ ರತ್ನ ಹೊಲಿದ ಅಂಗಿ. ನಾಗರಾಜ ಕರ್ಕೋಟಕ ತನ್ನ ಹೆಂಡತಿಯ ಕಣ್ಣುಬೇನೆ ವಾಸಿ ಮಾಡಿದ ರೈತನಿಗೆ ಕೊಟ್ಟದ್ದಂತೆ. ಅದನ್ನು ಭೂತವೊಂದು ಕದ್ದಿತು, ಜಾತ್ರೆಯಲ್ಲಿ ಸಿಕ್ಕಿಬಿತ್ತು, ‘ನನ್ನದು, ನನ್ನದು’ ಎಂದು ಜಗಳ. ಸಾಕ್ಷಿ ತಂದವರು ಒಯ್ಯಲಿ, ಅಲ್ಲಿಯವರೆಗೆ ದೇವರ ಹತ್ತಿರ ಇರಲಿ ಎಂದು ತೀರ್ಮಾನವಾಯಿತು. ಈಗಲೂ ವರ್ಷವರ್ಷ ರಾಷ್ಟ್ರಪತಿಗಳ ಎದುರು ಅಂಗಿಯನ್ನು ನಾಲ್ಕೂ ದಿಕ್ಕಿಗೆ ಎತ್ತಿ ತೋರಿಸುತ್ತಾರೆ. ಸಾಕ್ಷಿ ಹಿಡಿದುಕೊಂಡು ಇನ್ನೂ ಯಾರೂ ಬಂದಿಲ್ಲ.