ಬೆಟ್ಟದ ಬೆನ್ನಿನ ಮೇಲೆ ಹೋಗಿ ಕಾಡಿನೊಳಗೆ ಮರಳುವುದು

ಚಿತ್ರದುರ್ಗವೆಂದೊಡನೆ ನಮಗೆ ನೆನಪಾಗುವುದು ಏಳು ಸುತ್ತಿನ ಕೋಟೆ. ಆದರೆ ಊರಿನ ದಕ್ಷಿಣಕ್ಕೆ, ಸಮುದ್ರಮಟ್ಟದಿಂದ ಸುಮಾರು 3,800 ಅಡಿಗಳಷ್ಟು ಎತ್ತರದಲ್ಲಿ ನಿಂತಿರುವ ಜೋಗಿಮಟ್ಟಿಯು ವಿಜ್ಞಾನದ ವಿದ್ಯಾರ್ಥಿಗೆ ಕೋಟೆಗಿಂತ ಕಡಮೆಯ ಪಾಠಶಾಲೆಯೇನಲ್ಲ. ಹೋಗುವಾಗ ಬೆಟ್ಟದ ಬೆನ್ನು, ಬರುವಾಗ ಕಣಿವೆಯ ಕಾಡು: ಹೀಗೆ ಸುತ್ತಿಬಂದರೆ ಒಂದೇ ದಿನದಲ್ಲಿ ಎರಡು ಬಗೆಯ ನೆಲವನ್ನು ಹೋಲಿಸಿ ನೋಡಬಹುದು. ಈ ಪ್ರದೇಶವು 2015ರಿಂದ ವನ್ಯಜೀವಿಧಾಮವಾಗಿರುವುದರಿಂದ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯತಕ್ಕದ್ದು.

ಹೊರಡುವ ಮುನ್ನ ಒಂದು ಲೆಕ್ಕ. ಬೆಟ್ಟದ ನಡಿಗೆಗೆ ಎಷ್ಟು ಹೊತ್ತು ಬೇಕೆಂಬುದಕ್ಕೆ ಸ್ಕಾಟ್ಲೆಂಡಿನ ನೈಸ್ಮಿತ್ ಎಂಬಾತನು 1892ರಲ್ಲಿ ಒಂದು ಸುಲಭಸೂತ್ರವನ್ನು ಕೊಟ್ಟನು. ಮೂರು ಮೈಲಿಗೆ, ಎಂದರೆ ಹೆಚ್ಚುಕಡಮೆ 5 ಕಿಲೋಮೀಟರಿಗೆ, ಒಂದು ಗಂಟೆ. ಏರುವ ಪ್ರತಿ 2,000 ಅಡಿಗೆ ಮತ್ತೊಂದು ಗಂಟೆ. ನಮ್ಮ ಸುತ್ತನ್ನು 20 ಕಿಲೋಮೀಟರೆಂದೂ ಏರನ್ನು 1,400 ಅಡಿಯೆಂದೂ ಇಟ್ಟುಕೊಂಡರೆ 4 ಗಂಟೆ 42 ನಿಮಿಷಗಳಾಗುತ್ತವೆ. ಆದರೆ ಆತನು ನಡೆದದ್ದು ತಂಪುನಾಡಿನಲ್ಲಿ! ನಮ್ಮ ಬಿಸಿಲಿಗೆ ಅದರ ಅರ್ಧದಷ್ಟನ್ನು ಮತ್ತೆ ಕೂಡಿಸಿ ಏಳು ಗಂಟೆಯೆಂದು ಹಿಡಿಯುವುದೇ ವಿವೇಕ. ಬೆಳಗ್ಗೆ ಆರೂವರೆಗೆ ಹೊರಟವರು, ವಿಶ್ರಾಂತಿಯೂ ಸೇರಿ, ಹೊತ್ತಿರುವಾಗಲೇ ಇಳಿದುಬಿಡಬಹುದು. ಚಿರತೆ, ಕರಡಿಗಳಿರುವ ಕಾಡಿನಲ್ಲಿ ಈ ಲೆಕ್ಕವು ಕೇವಲ ಅಂಕಗಣಿತವಲ್ಲ.

ಏರುತ್ತ ಕಾಲಕೆಳಗಿನ ಕಲ್ಲನ್ನು ಗಮನಿಸಿರಿ. ಕೋಟೆಯ ಬಂಡೆಗಳು ತಿಳಿಬಣ್ಣದ ಗ್ರಾನೈಟ್ ಜಾತಿಯವು, ಇಲ್ಲಿನವು ಹಸಿರುಗಪ್ಪು. ಇವು ಸುಮಾರು 270 ಕೋಟಿ ವರ್ಷಗಳಷ್ಟು ಹಿಂದೆ ಭೂಗರ್ಭದಿಂದ ಉಕ್ಕಿದ ಲಾವಾರಸವು ಗಟ್ಟಿಯಾಗಿ, ಆಮೇಲೆ ಒತ್ತಡ ಮತ್ತು ಶಾಖಗಳಿಂದ ಮಾರ್ಪಟ್ಟ ಶಿಲೆಗಳು. ಆ ಲಾವಾ ನೀರಿನೊಳಗೆ ಉಕ್ಕಿದ್ದಿತೆಂಬುದಕ್ಕೆ ಸಾಕ್ಷಿಯು ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಯಲ್ಲಿದೆ. ನೀರು ತಾಗಿದೊಡನೆ ಹೊರಮೈ ಬಿಗಿದು, ಒಳಗಿನ ರಸ ಉಬ್ಬಿ, ಕಲ್ಲು ದಿಂಬುಗಳ ರಾಶಿಯಂತೆ ಅಲ್ಲಿ ನಿಂತಿದೆ.

ಬೆನ್ನಿನ ಮೇಲೆ ಬಂದರೆ ಗಾಳಿಯದೇ ರಾಜ್ಯ. ಬಯಲಿನಲ್ಲಿ ಹರಡಿ ಬರುವ ಗಾಳಿಯು ಬೆಟ್ಟವನ್ನು ದಾಟುವಾಗ ಇಕ್ಕಟ್ಟಿಗೆ ಸಿಕ್ಕಿ ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ. ಈ ಜಿಲ್ಲೆಯ ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳನ್ನು ನೆಟ್ಟಿರುವುದು ಇದಕ್ಕಾಗಿಯೇ. ತೆಳುವಾದ ಮಣ್ಣು, ಬೀಸುವ ಗಾಳಿ, ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟೇ ಮಳೆ. ಇಲ್ಲಿ ಹುಲ್ಲು, ಬಂದರೆಯ ಪೊದೆಗಳೇ ಹೆಚ್ಚು.

ಕಣಿವೆಗಿಳಿದೊಡನೆ ನೋಟ ಬದಲಾಗುತ್ತದೆ. ಮೇಲಿನಿಂದ ಕೊಚ್ಚಿಬಂದ ಮಣ್ಣು ಇಲ್ಲಿ ನಿಂತಿದೆ, ಗಾಳಿಗೆ ಮರೆಯಿದೆ, ತುಗ್ಗಲಿ, ದಿಂಡಿಗ, ಕಕ್ಕೆಯ ಮರಗಳು ಬೇಸಗೆಯಲ್ಲಿ ಎಲೆಯುದುರಿಸಿ ನೀರನ್ನು ಉಳಿಸಿಕೊಳ್ಳುತ್ತವೆ. ಇಲ್ಲಿ ವಾಚಕರು ಒಂದು ಪ್ರಯೋಗವನ್ನು ತಾವೇ ಮಾಡಬಹುದು. ಮೇಲೆ ತುಳಿದು ಬರಿದಾದ ಹಾದಿಯ ಮೇಲೆ ಒಂದು ಲೋಟ ನೀರನ್ನು ಸುರಿದು ಅದು ಎಷ್ಟು ದೂರ ಹರಿಯಿತೆಂದು ಅಳೆಯಿರಿ. ಅಷ್ಟೇ ನೀರನ್ನು, ಅಂಥದೇ ಇಳಿಜಾರಿನಲ್ಲಿ, ತರಗೆಲೆಯ ಮೇಲೆ ಸುರಿಯಿರಿ. ಮೊದಲನೆಯದು ಕೆಂಪಗಾಗಿ ಓಡುತ್ತದೆ, ಎರಡನೆಯದು ಇಂಗುತ್ತದೆ.

ಬೇಸಗೆಯ ಕಾಳ್ಗಿಚ್ಚು ಹಾನಿಮಾಡುವುದು ಈ ಎಲೆಹೊದಿಕೆಗೇ. ಸುಟ್ಟ ಇಳಿಜಾರಿನಲ್ಲಿ ಹೊಸ ಹುಲ್ಲು ಚಿಗುರುವುದೇನೋ ನಿಜ. ಆದರೆ ಅದಕ್ಕೆ ಮುಂಚೆಯೇ ಮೊದಲ ಬಿರುಮಳೆ ಬಂದರೆ ಬೂದಿಯೊಡನೆ ಮಣ್ಣೂ ಹೋಗಿ ಕೆಳಗಿನ ಕೆರೆಗಳಲ್ಲಿ ಹೂಳಾಗುತ್ತದೆ. ಸೇದಿದ ಬೀಡಿಯ ತುಂಡೊಂದು ಸಾಕು, ಇಷ್ಟಕ್ಕೆಲ್ಲ.

ಈ ನಾಡಿನಲ್ಲಿ ನೀರಿನ ಬೆಲೆಯೇನೆಂಬುದನ್ನು ಇದೇ ಬೆಟ್ಟಸಾಲಿನ ತೆಂಕಣ ಭಾಗವು ತೋರಿಸುತ್ತದೆ. ಮಾರಿಕಣಿವೆಯಲ್ಲಿ ವೇದಾವತಿಯು ಸಾಲನ್ನು ಸೀಳಿ ಹರಿಯುವ ಇಕ್ಕಟ್ಟಿಗೆ ಮೈಸೂರು ಸಂಸ್ಥಾನವು ಕಟ್ಟೆ ಕಟ್ಟಿಸಿ 1907ರಲ್ಲಿ ಮುಗಿಸಿತು. 1933ರಲ್ಲಿ ಕೋಡಿ ಹರಿದ ಆ ವಾಣಿವಿಲಾಸ ಸಾಗರವು ಮತ್ತೆ ಕೋಡಿ ಹರಿದದ್ದು 89 ವರ್ಷಗಳ ಮೇಲೆ, 2022ರಲ್ಲಿ.