ಮನೆಯ ಮೇನ್ ಬೋರ್ಡ್ ಬದಲಿಸುವಾಗ ಕೊಟ್ಟಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ



ಕೆಚ್ಚಲು ಬಾವು, ಖನಿಜ ಮಿಶ್ರಣ, ಕರುಗಳ ಪಾಲನೆ ಎಂದು ಬರೆಯುವ ಡಾಕ್ಟರು ಈ ಸಲ ಕರೆಂಟ್ ಬಗ್ಗೆ ಏಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನಿಸಬಹುದು. ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಗಿನ ಜಾವ ಕರೆ ಬಂತು. ಹೋಗಿ ನೋಡಿದರೆ, ಎರಡನೇ ಸಲ ಕರು ಹಾಕಿದ್ದ ಎಚ್.ಎಫ್. ಮಿಶ್ರತಳಿ ಹಸು ಕೊಟ್ಟಿಗೆಯ ಕಬ್ಬಿಣದ ಕಂಬದ ಪಕ್ಕ ಸತ್ತು ಬಿದ್ದಿತ್ತು. ಮೇವು ಕತ್ತರಿಸುವ ಯಂತ್ರಕ್ಕೆಂದು ಮನೆಯ ಹಳೇ ಬೋರ್ಡಿನಿಂದ ಎಳೆದ ವೈರು ಕಂಬಕ್ಕೆ ಉಜ್ಜಿ ಉಜ್ಜಿ ಸಿಪ್ಪೆ ಬಿಟ್ಟಿತ್ತು. ಅರ್ತಿಂಗ್ ಇರಲಿಲ್ಲ. ಆ ಮನೆಯ ಹೆಣ್ಣುಮಗಳು ದಿನವೂ ಹಾಲು ಕರೆಯಲು ಕೂರುತ್ತಿದ್ದುದು ಅದೇ ಕಂಬದ ಪಕ್ಕ. ಹಸು ಸತ್ತ ಮೇಲೆ ನಾನು ಮಾಡಬಹುದಾದದ್ದು ಶವಪರೀಕ್ಷೆ ಒಂದೇ. ಅದಕ್ಕೆ ಮೊದಲು ಆಗಬೇಕಾದ ಕೆಲಸದ ಬಗ್ಗೆ ಈ ಪಾಠ.

ಹಸುವಿಗೆ ಅಪಾಯ ಏಕೆ ಹೆಚ್ಚು?

ನಾವು ಚಪ್ಪಲಿ ಹಾಕಿಕೊಳ್ಳುತ್ತೇವೆ. ಹಸು ನೀರು, ಗಂಜಲದಿಂದ ಒದ್ದೆಯಾದ ನೆಲದ ಮೇಲೆ ನಾಲ್ಕೂ ಕಾಲೂರಿ ನಿಲ್ಲುತ್ತದೆ. ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು. ನೆಲದಲ್ಲಿ ಕರೆಂಟ್ ಹರಿದರೆ ಒಂದು ಕಾಲಿನಿಂದ ಹತ್ತಿ, ಎದೆಯ ಮೂಲಕ ಹಾದು, ಇನ್ನೊಂದು ಕಾಲಿನಲ್ಲಿ ಇಳಿಯುತ್ತದೆ.

ಸೋರಿಕೆ ಸಣ್ಣದಾಗಿದ್ದರೆ ಹಸು ಸಾಯುವುದಿಲ್ಲ, ಆದರೆ ಹಾಲು ಕಡಿಮೆಯಾಗಬಹುದು. ನಮ್ಮ ಕೈಗೆ ತಿಳಿಯದಷ್ಟು ಕರೆಂಟೂ ಅದಕ್ಕೆ ತಿಳಿಯುತ್ತದೆ. ತೊಟ್ಟಿಯ ನೀರನ್ನು ಹೀರದೆ ನಾಲಿಗೆಯಿಂದ ನೆಕ್ಕುವುದು, ಕೊಟ್ಟಿಗೆಗೆ ಬರಲು ಹಿಂಜರಿಯುವುದು, ಯಂತ್ರ ಹಾಕಿದ ಕೂಡಲೇ ಒದೆಯುವುದು, ಸೊರ ಬಿಡದಿರುವುದು ಇದರ ಲಕ್ಷಣ. ಕೆಚ್ಚಲು ಬಾವು, ಕಾಲು ನೋವಿನಲ್ಲೂ ಹೀಗಾಗುವುದುಂಟು. ಮೊದಲು ಪಶುವೈದ್ಯರಿಗೆ ತೋರಿಸಿ. ಕಾಯಿಲೆ ಇಲ್ಲವೆಂದಾದರೆ ವೈರಿಂಗ್ ಪರೀಕ್ಷೆ ಮಾಡಿಸಿ.

ಮೊದಲ ಹೆಜ್ಜೆ: ಲೆಕ್ಕ

ಬೋರ್ಡ್ ಬದಲಿಸುವವರು ಸಾಮಾನ್ಯವಾಗಿ ಇವತ್ತಿನ ಲೆಕ್ಕ ಮಾತ್ರ ಹಾಕುತ್ತಾರೆ. ಇವತ್ತು ಎರಡು ಹಸು ಇದ್ದವರು ನಾಳೆ ಐದು ಕಟ್ಟಬಹುದು. ಆಗ ಕೈಯಲ್ಲಿ ಹಾಲು ಕರೆಯಲಾಗದು, ಕುಡುಗೋಲಿನಲ್ಲಿ ಮೇವು ಕತ್ತರಿಸಲಾಗದು. ಆದ್ದರಿಂದ ಐದು ವರ್ಷ ಮುಂದಿನ ಲೆಕ್ಕ ಹಾಕಿ.

1 ಎಚ್‌ಪಿ ಎಂದರೆ ಸುಮಾರು 750 ವ್ಯಾಟ್. ಮೋಟಾರು ಎಳೆಯುವುದು ಅದಕ್ಕಿಂತ ಹೆಚ್ಚು. ಲೆಕ್ಕಕ್ಕೆ 1,000 ವ್ಯಾಟ್ ಎಂದು ಹಿಡಿಯಿರಿ. ಒಂದು ಮನೆಯ ಉದಾಹರಣೆ:

ಈಗ: ದೀಪ, ಫ್ಯಾನ್, ಟಿವಿ, ಫ್ರಿಜ್, ಮಿಕ್ಸಿ ಸೇರಿ 1,000 ವ್ಯಾಟ್, ನೀರಿನ ಮೋಟಾರು 1 ಎಚ್‌ಪಿ, 1,000 ವ್ಯಾಟ್. ಒಟ್ಟು 2,000.

ಮುಂದೆ: ಮೇವು ಕತ್ತರಿಸುವ ಯಂತ್ರ 2 ಎಚ್‌ಪಿ, 2,000 ವ್ಯಾಟ್, ಹಾಲು ಕರೆಯುವ ಯಂತ್ರ 1 ಎಚ್‌ಪಿ, 1,000 ವ್ಯಾಟ್. ಎಲ್ಲ ಸೇರಿ 5,000.

ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಈಗ ಸುಮಾರು 9, ಮುಂದೆ ಸುಮಾರು 22. ಮೋಟಾರು ಶುರುವಾಗುವ ಕ್ಷಣದಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಳೆಯುತ್ತದೆ. 9 ಆಂಪಿಯರ್‌ಗೆಂದು ಹಾಕಿದ ವೈರಿನಲ್ಲಿ 22 ಹರಿಸಿದರೆ ವೈರು ಕಾಯುತ್ತದೆ, ಸಿಪ್ಪೆ ಕರಗುತ್ತದೆ. ಹುಲ್ಲಿನ ಬಣವೆ ಪಕ್ಕದಲ್ಲೇ ಇರುತ್ತದೆ ಎಂಬುದು ನೆನಪಿರಲಿ.

ಬೋರ್ಡ್ ಹೇಗಿರಬೇಕು?

1. ನಾಲ್ಕು ಎಂಸಿಬಿಗೆ ಜಾಗವಿರುವ ಪೆಟ್ಟಿಗೆ ಸಾಕು ಎಂದರೂ ಎಂಟು ಅಥವಾ ಹನ್ನೆರಡರದ್ದು ಹಾಕಿಸಿ. ಖಾಲಿ ಜಾಗ ಮುಂದಿನ ಯಂತ್ರಗಳಿಗೆ. ಪೆಟ್ಟಿಗೆಗೆ ಈಗ ಸ್ವಲ್ಪ ಹೆಚ್ಚು ಕೊಡುವುದು ಮತ್ತೊಮ್ಮೆ ಗೋಡೆ ಒಡೆಯುವುದಕ್ಕಿಂತ ಅಗ್ಗ.

2. ಕೊಟ್ಟಿಗೆಗೆ ಪ್ರತ್ಯೇಕ ಲೈನ್ ಇರಲಿ. ಅದಕ್ಕೆ ತನ್ನದೇ ಎಂಸಿಬಿ, ತನ್ನದೇ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಕೊಟ್ಟಿಗೆಯಲ್ಲಿ ದೋಷವಾದರೆ ಮನೆ ಕತ್ತಲಾಗುವುದಿಲ್ಲ.

3. ಎಂಸಿಬಿ ಇದೆ ಎಂದು ಧೈರ್ಯ ಬೇಡ. ಅದು ವೈರನ್ನು ಉಳಿಸುತ್ತದೆ. ನಿಮ್ಮನ್ನೂ ಹಸುವನ್ನೂ ಶಾಕ್‌ನಿಂದ ಉಳಿಸಲು ಇರುವುದು ಆರ್‌ಸಿಸಿಬಿ. ಎರಡೂ ಬೇಕು. ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಕರೆಂಟ್ ಕಡಿತವಾದರೆ ಸರಿ, ಆಗದಿದ್ದರೆ ಬದಲಿಸಿ.

4. ಬೋರ್ಡನ್ನು ಕೊಟ್ಟಿಗೆಯೊಳಗೆ ಹಾಕಿಸಬೇಡಿ. ಸಗಣಿ, ಗಂಜಲದಿಂದ ಏಳುವ ಅಮೋನಿಯಾ ಮತ್ತು ತೇವ ತಾಮ್ರವನ್ನು ತಿನ್ನುತ್ತವೆ. ಒಣಗಿದ ಜಾಗದಲ್ಲಿ, ನಿಮ್ಮ ಕೈಗೆ ಎಟುಕುವ ಎತ್ತರದಲ್ಲಿರಲಿ.

5. ಮನೆಯಿಂದ ಕೊಟ್ಟಿಗೆಗೆ ವೈರು ಪೈಪಿನೊಳಗೇ ಹೋಗಲಿ. ಇಲಿ ಕಡಿಯುವುದಿಲ್ಲ, ಹಸು ಉಜ್ಜುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಖಾಲಿ ಪೈಪ್ ಹಾಕಿಸಿಬಿಡಿ. ಮುಂದೆ ತ್ರೀ ಫೇಸ್ ಬಂದರೂ ನೆಲ ಅಗೆಯಬೇಕಾಗಿಲ್ಲ. ವೈರಿನ ದಪ್ಪವನ್ನು ಐದು ವರ್ಷ ಮುಂದಿನ ಹೊರೆಗೆ, ದೂರವನ್ನೂ ನೋಡಿ ನಿರ್ಧರಿಸಲು ಹೇಳಿ.

6. ಹೊಸ ಅರ್ತಿಂಗ್ ಮಾಡಿಸಿ. ಕೊಟ್ಟಿಗೆಯ ಕಬ್ಬಿಣದ ಕಂಬ, ಗೊಂತಿನ ಪೈಪ್, ಯಂತ್ರದ ಮೈ ಎಲ್ಲವನ್ನೂ ಅರ್ತ್ ವೈರಿಗೆ ಸೇರಿಸಬೇಕು. ಅರ್ತ್ ಬದಲು ನ್ಯೂಟ್ರಲ್‌ಗೆ ಕಟ್ಟಲು ಬಿಡಬೇಡಿ. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ಆಗಾಗ ನೀರು ಹಾಕಿ.

ಕಚೇರಿಯ ಕೆಲಸ

ಕರೆಂಟ್ ಬಿಲ್ಲಿನಲ್ಲಿ ಆರ್.ಆರ್. ನಂಬರಿನ ಜೊತೆ ಮಂಜೂರಾದ ಲೋಡ್ ಎಷ್ಟೆಂದು ಇರುತ್ತದೆ. ನಿಮ್ಮ ಲೆಕ್ಕ ಅದನ್ನು ಮೀರಿದರೆ ವಿದ್ಯುತ್ ಕಂಪನಿಯ ಕಚೇರಿಯಲ್ಲಿ ಹೆಚ್ಚುವರಿ ಲೋಡಿಗೆ ಅರ್ಜಿ ಕೊಡಿ. ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ. ಮೀಟರಿನ ಸೀಲ್ ಮುಟ್ಟಬೇಡಿ.

ಗೃಹಜ್ಯೋತಿ ಇರುವವರು ಇನ್ನೊಂದು ಲೆಕ್ಕವನ್ನೂ ನೋಡಿಕೊಳ್ಳಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. 2 ಎಚ್‌ಪಿ ಯಂತ್ರ ದಿನಕ್ಕೆ ಅರ್ಧ ಗಂಟೆ ಓಡಿದರೆ ತಿಂಗಳಿಗೆ ಸುಮಾರು 30 ಯೂನಿಟ್ ಆಗುತ್ತದೆ.

ಹಸುವಿಗೆ ಶಾಕ್ ಹೊಡೆದರೆ

ಓಡಿಹೋಗಿ ಹಗ್ಗ ಬಿಚ್ಚಬೇಡಿ, ಹಸುವನ್ನು ಮುಟ್ಟಬೇಡಿ. ಮೊದಲು ಮೇನ್ ಆಫ್ ಮಾಡಿ. ಕಂಬದ ಲೈನ್ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಿ. ಕರೆಂಟ್ ಹೋಗಿದೆ ಎಂದು ಖಚಿತವಾದ ಮೇಲೆ ಹಸುವಿನ ಬಳಿ ಹೋಗಿ, ನಮಗೆ ಕರೆ ಮಾಡಿ. ಹಸು ಸತ್ತಿದ್ದು, ವಿಮೆ ಇದ್ದರೆ ಕಿವಿಯೋಲೆ ತೆಗೆಯಬೇಡಿ, ಶವಪರೀಕ್ಷೆಗೆ ಮೊದಲು ಹೂಳಬೇಡಿ.

ಆ ಮನೆಯಲ್ಲಿ ಈಗ ಹೊಸ ಬೋರ್ಡ್ ಇದೆ, ಇನ್ನೊಂದು ಹಸುವೂ ಬಂದಿದೆ. ಬೋರ್ಡಿಗೆ ಆದ ಖರ್ಚು ಸತ್ತ ಹಸುವಿನ ಬೆಲೆಗಿಂತ ಬಹಳ ಕಡಿಮೆ. ಇವತ್ತು ಸಂಜೆ ಹಾಲು ಹಾಕಿ ಬಂದ ಮೇಲೆ ಬಿಲ್ ತೆಗೆದು ಮಂಜೂರಾದ ಲೋಡ್ ನೋಡಿ. ಆಮೇಲೆ ಕೊಟ್ಟಿಗೆಯ ವೈರು ಎಲ್ಲೆಲ್ಲಿ ಹಾದು ಹೋಗಿದೆ ಎಂದು, ಮುಟ್ಟದೆ, ಕಣ್ಣಿನಿಂದ ಒಮ್ಮೆ ನೋಡಿ ಬನ್ನಿ.