ಅಳಿವೆಯ ವಿಷ

ಯಕ್ಷಗಾನದ ಪಾರ್ತಿಸುಬ್ಬನಿಂದ ಹೆಸರಾದ ಕುಂಬಳೆಯು ಇಂದಿನ ಕಾಸರಗೋಡು ಜಿಲ್ಲೆಯಲ್ಲಿದೆ. ಅಲ್ಲಿ ಹೊಳೆಯು ಕಡಲನ್ನು ಸೇರುವ ಅಳಿವೆಯಲ್ಲಿ ಮರುವಾಯಿ ಎಂಬ ಚಿಪ್ಪುಜೀವಿ ದೊರೆಯುತ್ತದೆ. ಕರಾವಳಿಯವರಿಗೆ ಅದು ರುಚಿಯಾದ ಆಹಾರ. 1983ರಲ್ಲಿ ಅದನ್ನು ತಿಂದ ಹಲವರು ಆಸ್ಪತ್ರೆಯನ್ನು ಸೇರಿದರು. ಒಬ್ಬ ಬಾಲಕನು ಮೃತನಾದನು. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ವಿಜ್ಞಾನಿಗಳು ಪರೀಕ್ಷಿಸಿದಾಗ ಕಾರಣವು ತಿಳಿಯಿತು.

ವಿಷವು ಮರುವಾಯಿಯದಲ್ಲ, ಅದು ತಿಂದ ಪಾಚಿಯದು. ಮರುವಾಯಿಯು ನೀರನ್ನು ಒಳಗೆಳೆದು ಸೋಸಿ, ಅದರಲ್ಲಿರುವ ಸೂಕ್ಷ್ಮ ಪಾಚಿಗಳನ್ನು ತಿಂದು ಬದುಕುತ್ತದೆ. ಕೆಲವು ಜಾತಿಯ ಪಾಚಿಗಳಲ್ಲಿ ಸ್ಯಾಕ್ಸಿಟಾಕ್ಸಿನ್ ಎಂಬ ವಿಷವಿದೆ. ಅದು ಮಾಂಸದಲ್ಲಿ ಶೇಖರವಾದರೂ ಮರುವಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಬೇಯಿಸಿದರೂ ವಿಷವು ಅಳಿಯದು. ತಿಂದವರ ತುಟಿ, ನಾಲಗೆಗಳು ಮೊದಲು ಜೋಮು ಹಿಡಿಯುತ್ತವೆ. ವಿಷವು ಹೆಚ್ಚಾದರೆ ಉಸಿರಾಟದ ಸ್ನಾಯುಗಳೇ ಸ್ತಬ್ಧವಾಗುತ್ತವೆ. ಇದಕ್ಕೆ ಪ್ರತಿವಿಷವಿಲ್ಲ.

ಪಾಚಿಗಳೆಲ್ಲ ಕೆಟ್ಟವಲ್ಲ; ಕಡಲಿನ ಜೀವಿಗಳಿಗೆ ಅವೇ ಮೂಲಾಹಾರ. ಮಾಲಿನ್ಯವಿಲ್ಲದ ನೀರಿನಲ್ಲಿಯೂ ಅವು ಹಬ್ಬುವುದುಂಟು. ಆದರೆ ಊರಿನ ಕೊಳಚೆಯೂ ಹೊಲದ ಗೊಬ್ಬರವೂ ನೀರಿಗಿಳಿದಲ್ಲಿ ಸಾರಜನಕ, ರಂಜಕಗಳನ್ನುಂಡು ಅವು ಮಿತಿಮೀರಿ ಬೆಳೆಯುತ್ತವೆ.

ಬಯಲುಸೀಮೆಯ ಹೊರ್ತಿಗೆ ಕಡಲು ಬಹು ದೂರ. ಆದರೂ ಅಲ್ಲಿಯ ಹೊಲಗಳನ್ನು ತೊಳೆದ ಮಳೆನೀರು ಕೃಷ್ಣೆಯ ಕಡೆಗೇ ಹರಿಯುತ್ತದೆ. ಕೃಷ್ಣೆಯು ಕೂಡುವುದು ಬಂಗಾಳ ಕೊಲ್ಲಿಯನ್ನು.